ರೂಪಾಯಿಗೆ ಒಂದಾಣೆ

ಮೂಡಲಪಾಳ್ಯ,
೧೨-೮-೧೯೫೬, ಭಾನುವಾರ

ಪ್ರೀತಿಯ ಅಣ್ಣಾ,

ತಂಗಿ ನೀಲಮ್ಮನ ನಮಸ್ಕಾರ. ನಿನ್ನ ಕೆಮ್ಮು ಈಗ ಹೇಗಿದೆ? ಪಟಾಲಮ್ಮಿನ ಡಾಕ್ಟರು ಕೊಟ್ಟ ಔಷಧಿಯನ್ನು ಕಹಿಯೆಂದು ಚೆಲ್ಲಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಅವ್ವ ಚೆನ್ನಾಗಿದ್ದಾಳೆ. ಮೊಣಕಾಲು ನೋವು ಇದ್ದೇ ಇದೆ. ಆದರೂ ಬೆಳಗಾದರೆ ಸೊಪ್ಪಿನ ಕುಕ್ಕೆ ಹೊತ್ತು ಮಾಗಡಿ ರಸ್ತೆಯ ಕಡೆ ಹೋಗುವುದನ್ನು ಬಿಟ್ಟಿಲ್ಲ.

ನೀನು ರಜೆಯಲ್ಲಿ ಬಂದಾಗ ಹೇಳಲು ಬಾಯಿ ಬರದ ಒಂದು ಸಂಗತಿಯನ್ನು ಈಗ ಬರೆಯುತ್ತಿದ್ದೇನೆ. ರಾಜಾಜಿನಗರದ ಸ್ವಿಚ್ಚು ಕಾರ್ಖಾನೆಯಲ್ಲಿ ನನಗೆ ವರ್ಷ ತುಂಬಿದ ತಿಂಗಳು ಸಂಬಳ ಏರುವ ಬದಲು ಇಳಿದಿತ್ತು. ವರ್ಷ ತುಂಬಿದವರ ಸಂಬಳದಲ್ಲಿ ಪ್ರಾವಿಡೆಂಟ್ ಫಂಡ್ ಎಂದು ರೂಪಾಯಿಗೆ ಒಂದಾಣೆ ಹಿಡಿಯುತ್ತಾರೆ, ಕಾರ್ಖಾನೆಯವರೂ ಅಷ್ಟೇ ಸೇರಿಸಿ ನಮ್ಮ ಹೆಸರಿನಲ್ಲಿ ಇಡುತ್ತಾರೆ. ಅವತ್ತು ನನಗೇ ಅದು ಸರಿಯಾಗಿ ತಿಳಿದಿರಲಿಲ್ಲ, ಅವ್ವನಿಗೆ ಏನು ಹೇಳಲಿ? ಅವಳು ದುಡ್ಡನ್ನು ಎರಡು ಸಲ ಎಣಿಸಿ, "ವರ್ಷ ತುಂಬಿದ್ರೆ ಎಲ್ಲಾರ್ಗೂ ಕೂಲಿ ಹೆಚ್ತದೆ. ನಿಂದ್ಯಾಕೆ ಇಳೀತು? ಯಾರಿಗೆ ಕೊಟ್ಟೆ, ನಿಜ ಹೇಳು" ಅಂದಳು. ನಾನು ಅಳುತ್ತಾ ನಿಂತಿದ್ದರೂ ನನ್ನ ಟ್ರಂಕು ತೆಗೆದು ಬಟ್ಟೆಗಳನ್ನೆಲ್ಲ ಕೊಡವಿದಳು. ಅಣ್ಣಾ, ದುಡ್ಡು ಹೋದದ್ದಕ್ಕಿಂತ ಅದು ನನಗೆ ನೋವಾಯಿತು. ಮೂರನೆಯ ದಿನ ಅವಳು ಕುಕ್ಕೆಯ ಸಮೇತ ಕಾರ್ಖಾನೆಯ ಗೇಟಿಗೇ ಬಂದಳು. ಹಾಜರಿ ಬರೆಯುವ ಜಂಬಣ್ಣನವರು ಒಳ್ಳೆಯವರು, ಹೊರಗೆ ಬಂದು ತಾಳ್ಮೆಯಿಂದ ಹೇಳಿದರು. ಅವ್ವ ಎಲ್ಲವನ್ನೂ ಕೇಳಿ, "ಕಂಡೋರ ಕೈಲಿರೋದು ನಮ್ದೆಂಗಾಯ್ತದೆ ಸ್ವಾಮಿ?" ಅಂದಳು. ಆದರೆ ಅಂದಿನಿಂದ ಅವಳು ನನ್ನನ್ನು ಅನುಮಾನಿಸಲಿಲ್ಲ. ಇಬ್ಬರೂ ಅದು ಹೋದ ದುಡ್ಡೆಂದುಕೊಂಡು ಸುಮ್ಮನಾದೆವು. ನಾನು ಸತ್ತರೆ ಆ ಹಣ ಯಾರಿಗೆ ಸೇರಬೇಕು ಎಂದು ಆಫೀಸಿನಲ್ಲಿ ಕೇಳಿದರು. ಹತ್ತೊಂಬತ್ತು ವರ್ಷದವಳಿಗೆ ಎಂಥ ಪ್ರಶ್ನೆ! ಅವ್ವನ ಹೆಸರು ಹೇಳಿದೆ.

ಎರಡು ವರ್ಷ ಹಾಗೇ ಕಳೆಯಿತು. ಹೋದ ತಿಂಗಳು ಕೆಂಗೇರಿಯಿಂದ ಬೈರಪ್ಪನವರು ತಮ್ಮ ಮಗ ಚನ್ನಕೇಶವನಿಗೆ ನನ್ನನ್ನು ಕೇಳಲು ಬಂದರು. ಬೆಲ್ಲದ ವ್ಯಾಪಾರ, ಹುಡುಗ ಸಾಧು, ನನಗೂ ಬೇಡವೆನಿಸಲಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುತ್ತಾ ಬೈರಪ್ಪನವರು ಅವ್ವನಿಗೆ, "ಮದುವೆಗೆ ಅಂತ ಕೆಲಸ ಬಿಟ್ರೆ ಹಿಡಿದಿಟ್ಟ ಕಾಸು ಪೂರಾ ಕೈಗೆ ಬರ್ತದಂತಲ್ಲಮ್ಮ. ಅದ್ರಲ್ಲಿ ಹುಡುಗನಿಗೆ ಒಂದು ಸೈಕಲ್ಲು, ಒಂದು ವಾಚು ಆಗೋಗ್ತದೆ. ಬೇರೇನೂ ನಾವು ಕೇಳಲ್ಲ" ಅಂದರು. ನನ್ನ ಜೊತೆ ಕೆಲಸಕ್ಕಿದ್ದ ಅಲಮೇಲು ಮದುವೆಗೆಂದು ಹಾಗೆ ಹಣ ಬಿಡಿಸಿಕೊಂಡದ್ದು ಅವರ ಕಿವಿಗೂ ಬಿದ್ದಿತ್ತು. ಅವ್ವನ ಮುಖ ಅರಳಿತು. "ದೇವರೇ ಎತ್ತಿಟ್ಟಂಗಾಯ್ತು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ಯಾರೂ ನನ್ನ ಕಡೆ ತಿರುಗಲಿಲ್ಲ.

ಅವತ್ತಿನಿಂದ ಅಪ್ಪನೇ ಮನಸ್ಸಿಗೆ ಬರುತ್ತಿದ್ದಾನೆ. ಕಲ್ಲುಗಣಿಯಲ್ಲಿ ಆಯುಸ್ಸೆಲ್ಲ ಸವೆಸಿದ ಮನುಷ್ಯ. ಬಂಡೆ ಉರುಳಿ ಸತ್ತ ದಿನ ಕಂಟ್ರಾಕ್ಟರು ಆ ವಾರದ ಕೂಲಿ ಕೊಟ್ಟು ಕೈತೊಳೆದುಕೊಂಡ. ಹನ್ನೊಂದನೆಯ ದಿನದ ಕಾರ್ಯಕ್ಕೆ ಅವ್ವ ಓಲೆ ಮಾರಿದಳು. ಅದು ನಿನಗೂ ನೆನಪಿರಬೇಕು. ಅವನ ಹೆಸರಿನಲ್ಲಿ ಎಲ್ಲಿಯೂ ಏನೂ ಇರಲಿಲ್ಲ. ನನ್ನ ಹೆಸರಿನಲ್ಲಿ ಒಂದಿಷ್ಟು ಇದೆ. ಬಿಸಿ ಅಚ್ಚಿನಿಂದ ಸ್ವಿಚ್ಚು ತೆಗೆದು ತೆಗೆದು ನನ್ನ ಬೆರಳ ತುದಿಗಳು ಮರಗಟ್ಟಿವೆ. ಬೇರೆಯವರ ಕೈಗೆ ಕಟ್ಟುವ ವಾಚಿಗಾಗಿ ಅದನ್ನು ಬಿಡಿಸಿಕೊಂಡು, ಕೆಲಸವನ್ನೂ ಬಿಟ್ಟು, ಆಮೇಲೆ ಯಾರನ್ನು ಏನು ಕೇಳಲಿ? ಇದನ್ನು ಅವ್ವನಿಗೆ ಹೇಳಹೋದರೆ, "ಹೆಣ್ಣು ದುಡಿದದ್ದು ಹೆಣ್ಣಿನ ಮದುವೆಗೆ ತಾನೇ?" ಅನ್ನುತ್ತಾಳೆ. ಅವಳು ಕೆಟ್ಟವಳಲ್ಲ ಅಣ್ಣಾ. ನನ್ನನ್ನು ದಡ ಸೇರಿಸಿ ನಿಶ್ಚಿಂತಳಾಗಬೇಕೆಂಬ ಆಸೆ, ಅಷ್ಟೆ.

ನಿನ್ನ ಅಭಿಪ್ರಾಯವೇನೆಂದು ತಿಳಿಸು. ದೀಪಾವಳಿಗೆ ರಜೆ ಸಿಕ್ಕರೆ ತಪ್ಪದೆ ಬಾ. ಅವ್ವನ ಆಶೀರ್ವಾದ ನಿನಗಿದೆ. ಪಕ್ಕದ ಮನೆಯ ಅಕ್ಕಯ್ಯಮ್ಮನೂ ನಿನ್ನನ್ನು ಕೇಳುತ್ತಿರುತ್ತಾಳೆ.

ನಿನ್ನ ತಂಗಿ,
ನೀಲಮ್ಮ

ಮರೆತ ಮಾತು: ಅಭಿಪ್ರಾಯ ಕೇಳಿದೆನಲ್ಲ, ಅದು ಬರಿಯ ಮಾತು, ಕಾಗದ ಮಡಿಸಿದ ಮೇಲೆ ಮನಸ್ಸು ತಡೆಯಲಿಲ್ಲ. ಹೋದ ಭಾನುವಾರ ನಾನೊಬ್ಬಳೇ ಕೆಂಗೇರಿಗೆ ಹೋಗಿ ಬೈರಪ್ಪನವರ ಜಗಲಿಯಲ್ಲೇ ನಿಂತು, ಕೆಲಸ ಬಿಡುವುದಿಲ್ಲ, ಆ ಹಣ ತೆಗೆಯುವುದೂ ಇಲ್ಲ, ಇದಕ್ಕೆ ಒಪ್ಪಿಗೆಯಾದರೆ ಮದುವೆ ಎಂದು ಹೇಳಿ ಬಂದೆ. ಚನ್ನಕೇಶವ ಬಾಗಿಲಲ್ಲೇ ಇದ್ದ, ತಲೆ ಎತ್ತಲಿಲ್ಲ. ಬೇರೆ ಕಡೆ ನೋಡಿಕೊಳ್ಳುತ್ತೇವೆಂದು ನಿನ್ನೆ ಕಾರ್ಖಾನೆಗೇ ಹೇಳಿಕಳಿಸಿದ್ದಾರೆ. ಅವರು ದಿನ ಗೊತ್ತುಮಾಡಲು ಬರುತ್ತಾರೆಂದು ಅವ್ವ ಇವತ್ತೂ ಜಗಲಿ ಸಾರಿಸಿದಳು. ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ಬಂದು ಅವಳಿಗೆ ಹೇಳುತ್ತೇನೆ. ಬೇಗ ಉತ್ತರ ಬರೆ. ಅವಳಿಗೆ ಓದಿ ಹೇಳುವವಳು ನಾನೇ. ನನ್ನನ್ನು ಬೈದು ಬರೆದರೂ ಸರಿ, ಒಂದಕ್ಷರ ಬಿಡದೆ ಓದುತ್ತೇನೆ.