ವಿಭೂತಿ ಬುಡಕಿನ ಬಿರುಕು

ಅಪ್ಪಾ,

ಸೈಕಲ್ಲಿನ ಮುಂದಿನ ಗಾಲಿ ಇಲ್ಲಂತ ಓಣಿ ತುಂಬ ಕೂಗಾಡಬ್ಯಾಡ, ಬಿಚ್ಚಿದಾಕಿ ನಾನೇ! ಗಾಲಿ ಪಡಸಾಲ್ಯಾಗ ಐತಿ.

ದಸರಾ ಖಂಡೇಪೂಜಿಗೆ ನೀ ಸೈಕಲ್ಲಿಗೆ ಬಳಿದಿದ್ದ ವಿಭೂತಿ ಇವತ್ತ ಒರಸಿದೆ. ಬೈಯಬ್ಯಾಡ, ಕೇಳು. ಗಾಲಿ ಹಿಡಿಯೋ ಕವಲಿನ್ಯಾಗ, ವಿಭೂತಿ ಬುಡಕ, ಬೆರಳುದ್ದ ಬಿರುಕು! ಹನ್ನೆರಡು ವರ್ಷ ಹಳೇ ವಿಭೂತಿ ಮ್ಯಾಲೆ ಹೊಸಾದು ಬಳಕೋಂತ ಬಂದಿ, ಒಮ್ಮ್ಯಾದ್ರೂ ಒರಸಿ ನೋಡಿದ್ಯಾ?

ಯುದ್ಧ ಮುಗದು ಹುಬ್ಬಳ್ಳ್ಯಾಗ ಮತ್ತ ವಿಲಾಯಿತಿ ಸೈಕಲ್ ಸಾಮಾನು ಬಂದಾವಂತ. ಹಳೇ ಕವಲು ಚೀಲಕ್ಕ ಹಾಕ್ಕೊಂಡು ಬಸ್ಸಿಗೆ ಹೊಂಟೇನಿ, ಹೊಸಾದು ತರತೇನಿ. ಸೋಮವಾರ ನಾ ಹುಲಗೂರು ಸಾಲಿಗೆ, ಹುಡುಗರಿಗೆ ಕಲಸೋ ಹೊಸ ಅಕ್ಕೋರಾಗಿ ಸೈಕಲ್ ಮ್ಯಾಲೇ ಹೋಗಾಕಿ!

ಬುಟ್ಟ್ಯಾಗ ರೊಟ್ಟಿ ಅದಾವ, ಉಣ್ಣು.

ಹೊಸಾ ಕವಲಿಗೂ ವಿಭೂತಿ ನೀನೇ ಹಚ್ಚು. ಆದ್ರ ವಾರಕ್ಕೊಮ್ಮೆ ಒರಸಿ, ಬೆರಳಾಡಿಸಿ ನೋಡಿ, ಆಮ್ಯಾಲೆ ಹಚ್ಚು. ಇನ್ನ ಅದರ ಮ್ಯಾಲೆ ಕುಂದ್ರಾಕಿ ನಿನ್ನ ಮಗಳು.

ನೀಲವ್ವ