ಗಾಳಿಚೀಲ ಒಗೆದ ದಿನ

ಅಕ್ಕಾ,

ತಿಳಿಯಪಡಿಸುವುದೇನೆಂದರೆ, ಆಸ್ಪತ್ರೆಯ ಫ್ರಿಜ್ ರಿಪೇರಿಗೆ ಹೊರಟ ನಿನ್ನ ಏಕಮಾತ್ರ ತಮ್ಮ ನಿನ್ನೆ ಭೂಸ್ಪರ್ಶ ಮಾಡಿದ್ದಾನೆ, ಸ್ವಲ್ಪ ಜೋರಾಗಿಯೇ. ಇಲ್ಲಿನ ರನ್‌ವೇ ಒಂದು ಗಿಡ್ಡ ಮಣ್ಣುದಾರಿ. ಗಾಳಿ ಎತ್ತ ಬೀಸುತ್ತಿದೆಯೆಂದು ಪೈಲಟ್‌ಗೆ ತೋರಿಸಲು ಅದರ ತುದಿಯ ಕಂಬಕ್ಕೆ ಬಟ್ಟೆಯ ಚೀಲ ಕಟ್ಟಿರುತ್ತಾರೆ. ವಿಮಾನದಲ್ಲಿ ಸಾಹೇಬರು (ಅಂದರೆ ನಾವೇ!) ಬರುತ್ತಾರೆಂದು ಇಲ್ಲಿನ ಕಾವಲುಗಾರನ ಹೆಂಡತಿ ಅದನ್ನು ಬಿಚ್ಚಿ, ಸೋಪು ಹಾಕಿ ತಿಕ್ಕಿ, ಒದ್ದೆಯಾಗಿಯೇ ಮತ್ತೆ ಕಟ್ಟಿಬಿಟ್ಟಿದ್ದಳು. ಅದು ಜೋತುಬಿದ್ದದ್ದನ್ನು ಕಂಡ ಪೈಲಟ್ ಗಾಳಿಯೇ ಇಲ್ಲವೆಂದುಕೊಂಡು ವಿಮಾನ ಇಳಿಸಿದ. ಗಾಳಿ ಬೆನ್ನ ಹಿಂದಿತ್ತು. ನಮ್ಮನ್ನು ಸೀದಾ ಆಲೂಗಡ್ಡೆ ಹೊಲಕ್ಕೆ ನೂಕಿತು. ವಿಮಾನದ ಮೂಗು ಸೊಟ್ಟಗಾಗಿದೆ.

"ಎಂಥಾ ಕೆಲಸ ಮಾಡಿದ್ರಮ್ಮಾ!" ಎಂದು ಪೈಲಟ್ ತಲೆ ಚಚ್ಚಿಕೊಂಡ.

"ಮತ್ತೆ? ಆ ಕೊಳಕನ್ನ ಸಾಹೇಬ್ರಿಗೆ ತೋರಿಸೋದಾ?" ಎಂದಳು ಆಕೆ.

ಮೊಣಕಾಲು ತರಚಿದ್ದು ಬಿಟ್ಟರೆ ಕ್ಷೇಮ. ಅಮ್ಮನಿಗೆ ಮೊಣಕಾಲಿನ ಸುದ್ದಿ ಬೇಡ. ನಮ್ಮನ್ನು ಕರೆದೊಯ್ಯುವ ಇನ್ನೊಂದು ವಿಮಾನ ಇವತ್ತು ಇಲ್ಲೇ ಇಳಿಯಬೇಕು. ಕೂತಲ್ಲಿ ಕೂರಲಾಗುತ್ತಿಲ್ಲ, ಚೀಲ ಒಣಗಿತೇ ಎಂದು ಗಳಿಗೆಗೊಮ್ಮೆ ಓಡಿಹೋಗಿ ಮುಟ್ಟಿ ನೋಡುತ್ತಿದ್ದೇನೆ. ಈಗಷ್ಟೇ ಗರಿಗರಿಯಾಗಿ ಗಾಳಿ ತುಂಬಿಕೊಂಡಿದೆ.

ಸಾಕು, ಓಡಬೇಕು. ನಿನ್ನೆ ನಾವೆಬ್ಬಿಸಿದ ಧೂಳು ಚೀಲಕ್ಕೆ ಮೆತ್ತಿದೆಯಂತೆ. ಆಯಮ್ಮ ಬಕೆಟ್ ಹಿಡಿದು ಕಂಬದತ್ತ ಹೊರಟಿದ್ದಾಳೆ!

ನಿನ್ನ ತರಲೆ ತಮ್ಮ