ದಪ್ಪ ಬಣ್ಣಕ್ಕೆ ರಿಯಾಯಿತಿ

ಗುರುವಾರ, ಒಂಬತ್ತನೇ ತಾರೀಕು
ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಕಾಗದ ಕಂಡು ಗಾಬರಿಯಾಗಬೇಡ, ನನಗೇನೂ ಆಗಿಲ್ಲ. ಎರಡು ಬೀದಿ ಆಚೆ ಇರುವ ಅಣ್ಣ ಫೋನು ಬಿಟ್ಟು ಕಾಗದ ಬರೆಯುತ್ತಾನೆಂದರೆ ತಲೆ ಕೆಟ್ಟಿರಬೇಕು ಅಂದುಕೊಳ್ಳುತ್ತೀಯ. ಫೋನಿನಲ್ಲಿ ನಾನು ಏನಾದರೂ ತಮಾಷೆ ಮಾಡಿ ಜಾರಿಕೊಳ್ಳುತ್ತೇನೆ. ನೀನು ಊಟ ಆಯ್ತಾ ಅಣ್ಣ ಅಂತ ಕೇಳುತ್ತೀಯ, ಅಲ್ಲಿಗೆ ಮಾತು ಮುಗಿಯುತ್ತದೆ. ಮನೆಗೆ ಬಂದರೆ ಭಾವನ ಚಪ್ಪಲಿ ಇನ್ನೂ ಬಾಗಿಲ ಪಕ್ಕದಲ್ಲೇ ಇರುತ್ತದೆ, ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಡುವೆ ಸಿಟ್ಟು ಬಂದರೆ ಮುದುರಿ ಎಸೆ. ಆದರೆ ಎತ್ತಿಕೊಂಡು ಪೂರ್ತಿ ಓದು.

ಹೋದ ಭಾನುವಾರ ನೀನು ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಒಂದು ಮಾತು ಹೇಳಿದೆ. ಹದಿಮೂರನೇ ತಾರೀಕು ಸೋಮವಾರ ಕೋರ್ಟಿನಲ್ಲಿ ಕೇಳಿದರೆ, ತಪ್ಪು ನಂದೇ ಅಂತ ಒಪ್ಕೊಂಡುಬಿಡ್ತೀನಿ ಅಣ್ಣ, ಸಾಕಾಯ್ತು ಅಂದೆ. ಅಪಘಾತವಾದ ಮೊದಲ ವಾರ ನೀನು ಹಾಗೆ ಹೇಳುತ್ತಿರಲಿಲ್ಲ. ಮೂವತ್ತು ನಲವತ್ತರಲ್ಲಿ ಹೋಗ್ತಿದ್ದೆ, ಅಡ್ಡರಸ್ತೆಯಿಂದ ವ್ಯಾನು ಬಂದು ಎಡಗಡೆ ತಗುಲಿತು, ಅದೂ ಅಂಥ ಜೋರಾಗೇನೂ ಅಲ್ಲ ಅಂತ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ನೂರು ಸಲ ಹೇಳಿದ್ದೆ. ಆಮೇಲೆ ಪೊಲೀಸಿನವರು ಗಾಡಿ ನೋಡಿ, ಮಧ್ಯಕ್ಕೆ ಹೀಗೆ ಹರಿದುಹೋಗಬೇಕಾದರೆ ಎಂಥ ವೇಗ ಇರಬೇಕು ನೀವೇ ಯೋಚನೆ ಮಾಡಿ ಅಂದರು. ನಿನ್ನ ಅತ್ತೆ, ಓಡಿಸಿದವಳು ಉಳಿದಳು, ಕೂತವನು ಹೋದ ಅಂದರು. ಎಲ್ಲರೂ ಅಂದದ್ದನ್ನೇ ಕೇಳಿ ಕೇಳಿ ಈಗ ನೀನೂ, ಜೋರಾಗೇ ಓಡಿಸ್ತಿದ್ನೇನೋ, ನೆನಪಿಲ್ಲ ಅನ್ನುತ್ತೀಯ.

ನೀನು ಜೋರಾಗಿ ಓಡಿಸುತ್ತಿರಲಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ನನ್ನ ಹತ್ತಿರ ಕಾಗದ ಇದೆ. ನಿನ್ನ ಮಗಳು ಅಜ್ಜಿಯ ಮನೆ ಸೇರಿ ಏಳು ತಿಂಗಳಾಯಿತು. ಮಗನನ್ನ ಕೊಂದವಳ ಕೈಗೆ ಮೊಮ್ಮಗಳನ್ನ ಕೊಡಲ್ಲ ಅಂತ ಆ ಮುದುಕಿ ಇಷ್ಟು ದಿನ ಬಾಯಲ್ಲಿ ಹೇಳುತ್ತಿದ್ದಾರೆ. ಸೋಮವಾರ ನೀನು ಒಪ್ಪಿಕೊಂಡರೆ ಅದಕ್ಕೆ ಕೋರ್ಟಿನ ಮೊಹರು ಬೀಳುತ್ತದೆ. ಮಗು ನಿನ್ನ ಕೈತಪ್ಪಿ ಹೋಗುತ್ತದೆ. ಹಾಗಾಗಿ ಈಗ ನನ್ನ ಕೆಲಸದ ವಿಷಯ ಒಂದಷ್ಟು ಕೊರೆಯುತ್ತೇನೆ, ತಾಳ್ಮೆಯಿಂದ ಓದು.

ಅಣ್ಣ ಕಾರು ಒರೆಸ್ತಾನೆ ಅಂತ ನೀನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಒರೆಸುವುದಲ್ಲ ಮಾರಾಯ್ತಿ, ಪಾಲಿಶು! ಬಣ್ಣದ ಮೇಲ್ಪದರವನ್ನು ಮಷೀನು ಹಿಡಿದು ಕೂದಲೆಳೆಗಿಂತ ತೆಳ್ಳಗೆ ಕೆರೆಯುವ ಕೆಲಸ ಅದು. ಗೀರುಗಳು ಹೋಗಿ ಹೊಳಪು ಬರುತ್ತದೆ. ಆದರೆ ಎಷ್ಟು ಕೆರೆದೆವೋ ಅಷ್ಟು ಬಣ್ಣ ಹೋಯಿತು ಅಂತಲೇ ಲೆಕ್ಕ. ಹಳೆ ಗಾಡಿಗಳ ಬಣ್ಣ ಮೊದಲೇ ತೆಳ್ಳಗಾಗಿರುತ್ತದೆ. ಒಂದು ಕ್ಷಣ ಮೈಮರೆತರೆ ಬಣ್ಣ ಸುಟ್ಟು ಒಳಗಿನ ಬಿಳಿ ಕಾಣುತ್ತದೆ. ಆಗ ಆ ಬಾಗಿಲಿಗೆ ನನ್ನ ಕೈಯಿಂದಲೇ ದುಡ್ಡು ಹಾಕಿ ಹೊಸ ಬಣ್ಣ ಹೊಡೆಸಿಕೊಡಬೇಕು.

ಅದಕ್ಕೇ ಆ ಮೀಟರು. ಬೆಂಕಿಪೊಟ್ಟಣದಷ್ಟಿದೆ, ತಗಡಿನ ಮೇಲಿಟ್ಟರೆ ಬಣ್ಣ ಎಷ್ಟು ದಪ್ಪ ಅಂತ ಅಂಕಿ ತೋರಿಸುತ್ತದೆ. ಕಂಪನಿಯಿಂದ ಬಂದ ಬಣ್ಣವಾದರೆ ನೂರು, ನೂರಿಪ್ಪತ್ತು. ಎಂಬತ್ತಕ್ಕೆ ಇಳಿದರೆ ನನ್ನ ಎದೆ ಡವಡವ, ರೇಟೂ ಜಾಸ್ತಿ. ಇನ್ನೂರು ಮುನ್ನೂರು ಬಂದರೆ ಯಾರೋ ಮತ್ತೆ ಬಣ್ಣ ಹೊಡೆಸಿದ್ದಾರೆ ಅಂತ ತಿಳಿ. ಎಂಟುನೂರು, ಸಾವಿರ ದಾಟಿದರೆ ಅಡಿಯಲ್ಲಿ ತಗ್ಗು ತುಂಬುವ ಪುಟ್ಟಿ ಮೆತ್ತಿದ್ದಾರೆ, ಅಂದರೆ ಅಲ್ಲಿ ತಗಡು ಜಜ್ಜಿಹೋಗಿತ್ತು. ನನ್ನಂಥವನಿಗೆ ಅಂಥ ಗಾಡಿಯೇ ಹಬ್ಬ. ಎಷ್ಟು ಬೇಕಾದರೂ ಕೆರೆಯಬಹುದು, ಸುಡುವ ಭಯವಿಲ್ಲ, ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ. ಹಾಗಾಗಿ ಅಂಥದ್ದಕ್ಕೆ ನಾನು ಕಾಲು ಭಾಗ ರಿಯಾಯಿತಿ ಕೊಡುತ್ತಿದ್ದೆ. ಒಳ್ಳೆಯ ಗಾಡಿಗೆ ಪೂರ್ತಿ ರೇಟು, ಜಜ್ಜಿ ಎದ್ದ ಗಾಡಿಗೆ ರಿಯಾಯಿತಿ. ಹದಿಮೂರು ವರ್ಷ ಇದರಲ್ಲಿ ನನಗೇನೂ ವಿಚಿತ್ರ ಕಂಡಿರಲಿಲ್ಲ ಗುಬ್ಬಿ, ದೇವರಾಣೆಗೂ.

ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರಿಗೆ ಗಂಟೆಯ ಲೆಕ್ಕ ಆಗಿಬರುವುದಿಲ್ಲ. ಗಾಡಿಗಿಷ್ಟು ಅಂತ ಒಂದೇ ಮಾತು ಆಗಬೇಕು. ನಾನು ಬೆಳಿಗ್ಗೆ ಅವರ ಮಾರಾಟದ ಅಂಗಳಕ್ಕೆ ಹೋಗಿ, ಸಾಲಾಗಿ ನಿಂತ ಗಾಡಿಗಳಿಗೆ ಒಂದೊಂದಕ್ಕೂ ಮೀಟರು ಇಟ್ಟು, ನೀಲಿ ಟೇಪಿನ ಚೂರಿನ ಮೇಲೆ ಅಂಕಿ ಬರೆದು ಅಂಟಿಸುತ್ತಿದ್ದೆ. ಕೊನೆಗೆ ಚೀಟಿ. ಮೇಲಿನದು ಅವರಿಗೆ, ಕಾರ್ಬನ್ನಿನ ಅಡಿಯದು ನನಗೆ. ಆ ಅಂಗಳದ ಸಾಹೇಬರು ನಿನಗೆ ಗೊತ್ತಲ್ಲ, ಗಾಡಿಗೆ ಒರಗುವ ಮೊದಲು ಕರ್ಚೀಫಿನಿಂದ ಒರೆಸುತ್ತಾರಲ್ಲ, ನೀನೇ ಕರ್ಚೀಫು ಸಾಹೇಬರು ಅಂತ ಹೆಸರಿಟ್ಟೆ. ಅವರು ಒಂದು ದಿನ ನಗುನಗುತ್ತಲೇ, ರಿಯಾಯಿತಿ ಕೊಡು, ಬೇಡ ಅನ್ನಲ್ಲ, ಯಾಕೆ ಕೊಟ್ಟೆ ಅಂತ ಬರೀಬೇಡ, ಬರೀ ಮೊತ್ತ ಸಾಕು ಅಂದರು. ಅವರ ಚೀಟಿಯಲ್ಲಿ ಬಿಟ್ಟೆ. ನನ್ನ ಪ್ರತಿಯಲ್ಲಿ ಮಾತ್ರ ಬರೆದುಕೊಳ್ಳುತ್ತಿದ್ದೆ. ಇಲ್ಲದಿದ್ದರೆ ಮುಂದಿನ ಸಲ ಎಲ್ಲ ಗಾಡಿಗೂ ಅದೇ ರೇಟು ಮಾಡು ಅಂತ ಜಗಳಕ್ಕೆ ಬರುವ ಪೈಕಿ ಅವರು.

ನೀವು ಕೊಂಡ ಬೂದು ಬಣ್ಣದ ಗಾಡಿಗೆ ಪಾಲಿಶು ಮಾಡಿದವನು ನಾನೇ.

ಇದನ್ನು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಚೀಟಿಯನ್ನು ಈ ಕಾಗದದ ಜೊತೆ ಪಿನ್ನು ಹಾಕಿದ್ದೇನೆ. ಗಾಡಿ ನಂಬರು ನೋಡು, ನೀವು ಕೊಳ್ಳುವುದಕ್ಕೆ ಮೂರು ವಾರ ಮುಂಚಿನ ತಾರೀಕು ನೋಡು. ಬಲಗಡೆ ಬಾಗಿಲುಗಳು ನೂರಹತ್ತು. ಎಡಗಡೆ ಬಾಗಿಲು ಒಂಬೈನೂರು. ಎರಡು ಬಾಗಿಲುಗಳ ನಡುವೆ ಮೇಲಿನವರೆಗೂ ಹೋಗುವ ಕಂಬ ಸಾವಿರದ ನಾನೂರು. ಅದರ ಎದುರು ನನ್ನದೇ ಅಕ್ಷರ: ಎಡ ಬದಿ ಪೂರ್ತಿ ದಪ್ಪ, ಸುಡುವ ಭಯವಿಲ್ಲ, ಕಾಲು ಭಾಗ ಕಡಿತ. ಬಾಗಿಲು ಬದಲಿಸಿದರೆ ಏನೂ ಆಗುವುದಿಲ್ಲ. ಆ ಕಂಬ ಹಾಗಲ್ಲ, ಗಾಡಿ ನಿಂತಿರುವುದೇ ಅದರ ಮೇಲೆ. ಅದನ್ನು ಕತ್ತರಿಸಿ, ಬೆಸುಗೆ ಹಾಕಿ, ಮೇಲೆ ಪುಟ್ಟಿ ಮೆತ್ತಿದರೆ ನೋಡಲಿಕ್ಕೆ ಕಂಬ ಅಷ್ಟೇ, ಸಣ್ಣ ಪೆಟ್ಟಿಗೂ ಹರಿದುಹೋಗುತ್ತದೆ.

ಮತ್ತೆ ಗಾಡಿ ಕೊಂಡ ದಿನ ಯಾಕೆ ಸುಮ್ಮನಿದ್ದೆ ಅಂತ ಕೇಳುತ್ತೀಯ, ಕೇಳಲೇಬೇಕು. ಆ ಅಂಗಳಕ್ಕೇ ಹೋಗೋಣ, ಅಣ್ಣ ಇದ್ದಾನಲ್ಲ, ಅಣ್ಣ ನೋಡಿದ ಗಾಡಿಯಾದರೆ ಕಣ್ಣುಮುಚ್ಚಿ ತಗೋಬಹುದು ಅಂತ ಭಾವನನ್ನು ಎಳೆದುಕೊಂಡು ಬಂದವಳು ನೀನು. ತಿಂಗಳಿಗೆ ನಲವತ್ತು ಗಾಡಿ ಮಾಡುತ್ತೇನೆ, ಅದರಲ್ಲಿ ಹದಿನೈದು ಬೂದು ಬಣ್ಣದವು. ಆವತ್ತು ನನಗೆ ಇದೇ ಅದು ಅಂತ ಗುರುತು ಹತ್ತಲಿಲ್ಲ. ಭಾವ ನಗುತ್ತಾ, ಎಲ್ಲರ ಗಾಡಿಗೂ ಇಡ್ತೀರಲ್ಲ, ನಮ್ಮದಕ್ಕೂ ಆ ಮೀಟರು ಒಂದು ಇಟ್ಟುಬಿಡಿ ಅಂದರು. ಸ್ಕೂಟರಿನಿಂದ ತಂದೆ, ಒತ್ತಿದೆ, ಅಂಕಿ ಬರಲಿಲ್ಲ. ಬ್ಯಾಟರಿ ಮುಗಿದಿದೆ ಅಂದೆ. ಪರವಾಗಿಲ್ಲ ಬಿಡಿ, ನೀವು ನೋಡಿದರೆ ಸಾಕು, ಹೇಗಿದೆ ಅಂದರು. ಬಣ್ಣ ಚೆನ್ನಾಗಿದೆ ಅಂದೆ. ಬಣ್ಣ ಚೆನ್ನಾಗಿಯೇ ಇತ್ತು.

ಭಾವ ಎಂಥ ಮನುಷ್ಯ ನೋಡು. ಗಾಡಿ ಮನೆಗೆ ಬಂದ ಮಾರನೇ ದಿನ ನನ್ನ ಶೆಡ್ಡಿನ ಮುಂದೆ ನಿಲ್ಲಿಸಿ, ಕೆಳಗಿಳಿಯದೆ, ಕಿಟಕಿಯಿಂದಲೇ ಒಂದು ಪ್ಯಾಕೆಟ್ಟು ಚಾಚಿದರು. ನಾಲ್ಕು ಬ್ಯಾಟರಿ. ನಿಮ್ಮ ಕೆಲಸ ನಿಲ್ಲಬಾರದಲ್ಲ ಅಂದರು. ಹಿಂದಿನ ಸೀಟಿನಿಂದ ಮಗು, ಮಾವಾ, ನಮ್ ಕಾರಲ್ಲಿ ನನ್ ಮುಖ ಕಾಣ್ಸತ್ತೆ ಅಂತ ಕೂಗಿತು.

ಅಪಘಾತ ಆದ ನಾಲ್ಕನೇ ದಿನ ಪೊಲೀಸ್ ಠಾಣೆಯ ಹಿಂದಿನ ಅಂಗಳಕ್ಕೆ ಹೋದೆ. ನೀನು ಇನ್ನೂ ಆಸ್ಪತ್ರೆಯಲ್ಲಿದ್ದೆ, ಗಾಡಿಯಲ್ಲಿದ್ದ ನಿನ್ನ ಚೀಲ ತರಲು ಹೋಗಿದ್ದೆ. ಕಂಬ ಬೆಸುಗೆಯ ಜಾಗದಲ್ಲೇ ಬಿಟ್ಟುಕೊಂಡಿತ್ತು. ಪುಟ್ಟಿ ಹೆಂಟೆಹೆಂಟೆಯಾಗಿ ಸೀಟಿನ ಮೇಲೆ ಬಿದ್ದಿತ್ತು. ಒಂದು ಹೆಂಟೆಯ ಮೇಲೆ ನನ್ನ ಪಾಲಿಶಿನ ಹೊಳಪು ಹಾಗೇ ಇತ್ತು. ಮನೆಗೆ ಬಂದು ಚೀಟಿ ಪುಸ್ತಕ ತಿರುವಿದಾಗ ಇದು ಸಿಕ್ಕಿತು.

ಸಿಕ್ಕಿದ ದಿನವೇ ನಿನಗೆ ತಂದುಕೊಡಬೇಕಿತ್ತು. ಏಳು ತಿಂಗಳು ಟ್ರಂಕಿನಲ್ಲಿಟ್ಟೆ. ಮೊದಲು, ನೀನು ಗುಣವಾಗಲಿ ಅಂದುಕೊಂಡೆ. ಆಮೇಲೆ, ಹೋದವರು ಹೋದರು, ಇದರಿಂದ ಬರುತ್ತಾರೆಯೇ ಅಂದುಕೊಂಡೆ. ನಿಜ ಹೇಳಬೇಕೆಂದರೆ ಕರ್ಚೀಫು ಸಾಹೇಬರ ಅಂಗಳ ಹೋದರೆ ನನ್ನ ಅರ್ಧ ಸಂಪಾದನೆ ಹೋಗುತ್ತಿತ್ತು, ಅದರ ಹೆದರಿಕೆ. ನಿನ್ನ ಅತ್ತೆ ನಿನ್ನನ್ನು ಬಾಯಿಗೆ ಬಂದಂತೆ ಅನ್ನುವಾಗ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದೆ. ಅಣ್ಣನಾದರೂ ನನ್ನ ಕಡೆ ಇದ್ದಾನೆ ಅಂತ ನೀನು ನನ್ನ ತೋಳು ಹಿಡಿದುಕೊಂಡೆ. ಆ ತೋಳಿಗೆ ಬೆಂಕಿ ಹಾಕಬೇಕು.

ನಿನ್ನೆ ಸಾಹೇಬರ ಹತ್ತಿರ ಹೋಗಿ ಚೀಟಿ ಕೋರ್ಟಿಗೆ ಹೋಗುತ್ತದೆ ಅಂದೆ. ಅವರು ಕೂಗಾಡಲಿಲ್ಲ. ಕರ್ಚೀಫು ಮಡಚಿ ಜೇಬಿಗಿಟ್ಟುಕೊಂಡು, ಹೊಳಪು ಕೊಟ್ಟವನು ನೀನು, ನಿನ್ನ ಕೈಬರಹ, ನಿನ್ನ ಹೆಸರೂ ಬರುತ್ತೆ, ಯೋಚನೆ ಮಾಡು ಅಂದರು. ಬರಲಿ ಅಂದೆ. ಮಷೀನು, ಪ್ಯಾಡು, ಬಕೆಟ್ಟು ಎಲ್ಲ ಸ್ಕೂಟರಿಗೆ ಕಟ್ಟಿಕೊಂಡು ಹೊರಬಂದೆ. ಒಂದು ಕಪ್ಪು ಗಾಡಿ ಅರ್ಧಕ್ಕೇ ನಿಂತಿದೆ, ಅರ್ಧ ಹೊಳಪು, ಅರ್ಧ ಧೂಳು.

ನೀನು ಮಾಡಬೇಕಾದ್ದು ಇಷ್ಟೆ. ನಾಳೆಯೇ ಚೀಟಿಯನ್ನು ವಕೀಲರಿಗೆ ಕೊಡು. ಆ ಗಾಡಿ ಇನ್ನೂ ಠಾಣೆಯ ಅಂಗಳದಲ್ಲೇ ಇದೆ, ಕಂಬವನ್ನು ತಿಳಿದವರಿಂದ ಪರೀಕ್ಷೆ ಮಾಡಿಸಿ ಅಂತ ಕೇಳಲು ಹೇಳು. ಸಾಕ್ಷಿಗೆ ನಾನು ಬರುತ್ತೇನೆ. ತಪ್ಪು ನಂದೇ ಅನ್ನುವ ಮಾತು ನಿನ್ನ ಬಾಯಿಂದ ಇನ್ನೊಮ್ಮೆ ಬರಬಾರದು. ನೀನು ಮೂವತ್ತು ನಲವತ್ತರಲ್ಲೇ ಹೋಗುತ್ತಿದ್ದೆ. ನಿನ್ನ ನೆನಪು ಸರಿಯಾಗಿಯೇ ಇತ್ತು. ನಾವೆಲ್ಲ ಸೇರಿ ಅದನ್ನು ಕೆಡಿಸಿದೆವು.

ಮಗಳು ಮನೆಗೆ ಬಂದ ದಿನ ನನಗೆ ಹೇಳಿ ಕಳಿಸುವುದೂ ಬಿಡುವುದೂ ನಿನ್ನಿಷ್ಟ.

ಇಂತಿ,
ನಿನಗೆ ಆಸರೆಯಾಗದ
ಅಣ್ಣ

ಮತ್ತೆ, ಗುಬ್ಬಿ:

ಇದನ್ನು ನಿನ್ನ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕಾಗದವನ್ನು ಬಾಗಿಲ ಸಂದಿಯಲ್ಲಿ ತುರುಕಲು ಬಗ್ಗಿದೆ, ಒಳಗೆ ನೀನು ಪಾತ್ರೆ ತೊಳೆಯುವ ಸದ್ದು ಕೇಳಿಸಿತು, ಕೈ ಬರಲಿಲ್ಲ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆವತ್ತು ಗಾಡಿಯ ಗುರುತು ಹತ್ತಿತ್ತು. ಎಡ ಬಾಗಿಲು ತೆಗೆದಾಗ ಕಂಬದ ಬುಡದಲ್ಲಿ ನನ್ನದೇ ನೀಲಿ ಟೇಪಿನ ಚೂರು ಉಳಿದಿತ್ತು, ಸಾವಿರದ ನಾನೂರು ಅಂತ ಬರೆದದ್ದು. ನೀನು ಸೀಟು ಒತ್ತಿ ನೋಡುತ್ತಿದ್ದಾಗ ಕಿತ್ತು ಜೇಬಿಗೆ ಹಾಕಿಕೊಂಡೆ. ನನ್ನ ಪಾಲಿಶಿನ ವರ್ಷದ ರೇಟು ಆ ವಾರವೇ ನಿಗದಿಯಾಗಬೇಕಿತ್ತು, ಸಾಹೇಬರು ಎದುರಿಗೇ ನಿಂತಿದ್ದರು. ಇಂಥ ಗಾಡಿಗಳು ನೂರಾರು ಓಡಾಡುತ್ತವೆ, ಇದೊಂದಕ್ಕೇ ಏನಾಗುತ್ತದೆ ಅಂದುಕೊಂಡೆ. ಮೀಟರು ತರಲು ಸ್ಕೂಟರಿನ ಹತ್ತಿರ ಹೋದೆನಲ್ಲ, ಅಲ್ಲೇ ಬ್ಯಾಟರಿ ತೆಗೆದು ಜೇಬಿಗಿಟ್ಟೆ. ಮಾರನೇ ದಿನ ಅದನ್ನೇ ಮತ್ತೆ ಹಾಕಿದೆ. ನಿನ್ನೆಯವರೆಗೂ ಅದರಲ್ಲೇ ಕೆಲಸ ಮಾಡಿದೆ. ಭಾವ ಕೊಟ್ಟ ಪ್ಯಾಕೆಟ್ಟು ಒಡೆದಿಲ್ಲ, ನಾಲ್ಕೂ ಹಾಗೇ ಇವೆ. ಈ ಹಾಳೆಯನ್ನು ಹರಿದಿಟ್ಟುಕೊಳ್ಳಬೇಡ, ಇದನ್ನೂ ಸೇರಿಸಿಯೇ ವಕೀಲರಿಗೆ ಕೊಡು.